ಎ, ಇ, ಐ, ಒ, ಯು ಇಲ್ಲದ ಇಂಗ್ಲಿಷ್ ಪದಗಳಲ್ಲಿ ಸ್ವರ ಎಲ್ಲಿದೆ?

ಪ್ರಶ್ನೆ: ನನ್ನ ಮಗಳು ಏಳನೇ ತರಗತಿಯಲ್ಲಿ ಓದುತ್ತಿದ್ದಾಳೆ. ಇಂಗ್ಲಿಷಿನ ಪ್ರತಿಯೊಂದು ಪದದಲ್ಲೂ 'ಎ', 'ಇ', 'ಐ', 'ಒ', 'ಯು' ಎಂಬ ಐದು ಸ್ವರಗಳಲ್ಲಿ ಒಂದಾದರೂ ಇರಲೇಬೇಕು ಎಂದು ಅವಳಿಗೆ ಹೇಳಿಕೊಟ್ಟಿದ್ದಾರೆ. ಆದರೆ ಸ್ಕೈ, ಫ್ಲೈ, ಜಿಮ್, ರಿದಮ್ ಮುಂತಾದ ಪದಗಳ ಸ್ಪೆಲಿಂಗಿನಲ್ಲಿ ಈ ಐದರಲ್ಲಿ ಒಂದೂ ಇಲ್ಲ. ಹಾಗಾದರೆ ಇವು ಸ್ವರವೇ ಇಲ್ಲದ ಪದಗಳೇ? 'ವೈ' ಎಂಬುದು ಸ್ವರವೋ, ವ್ಯಂಜನವೋ? 'ವೈ' ಕೂಡ ಇಲ್ಲದ ಪದಗಳು ಇಂಗ್ಲಿಷಿನಲ್ಲಿ ಇವೆಯೇ?

ಉತ್ತರ: ನೀವು ಹೆಸರಿಸಿದ ನಾಲ್ಕೂ ಪದಗಳಲ್ಲಿ ಸ್ವರವಿದೆ. ಅವುಗಳಲ್ಲಿ ಇಲ್ಲದಿರುವುದು ಐದು ಅಕ್ಷರಗಳು ಮಾತ್ರ. ಸ್ವರವೆಂಬುದು ಬಾಯಿಂದ ಹೊರಡುವ ಧ್ವನಿಗೆ ಸೇರಿದ ಗುಣವೇ ಹೊರತು ಕಾಗದದ ಮೇಲಿನ ಗುರುತಿಗೆ ಸೇರಿದ್ದಲ್ಲ. ಕನ್ನಡದಲ್ಲಿ ಬರೆಯುವ ಗುರುತು ಮತ್ತು ನುಡಿಯುವ ಧ್ವನಿ ಬಹುಮಟ್ಟಿಗೆ ಒಂದಕ್ಕೊಂದು ಹೊಂದಿಕೊಂಡು ಹೋಗುವುದರಿಂದ ಎರಡನ್ನೂ 'ಅಕ್ಷರ' ಎಂದು ಕರೆದರೂ ನಮಗೆ ತೊಂದರೆಯಾಗುವುದಿಲ್ಲ. ಅದೇ ರೂಢಿಯನ್ನು ಇಂಗ್ಲಿಷಿಗೆ ಒಯ್ದಾಗ ನಿಮ್ಮ ಮಗಳಿಗೆ ಬಂದಂತಹ ಸಂದೇಹ ಹುಟ್ಟುತ್ತದೆ. ಆದ್ದರಿಂದ ಈ ಉತ್ತರದಲ್ಲಿ ಇಂಗ್ಲಿಷ್ ಲಿಪಿಯ ಅಕ್ಷರಗಳ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡುತ್ತೇನೆ. ಧ್ವನಿಗಳನ್ನು ನಮ್ಮ ವ್ಯಾಕರಣದ ಪದ್ಧತಿಯಂತೆ ಇಕಾರ, ಉಕಾರ, ಯಕಾರ, ವಕಾರ ಎಂದು ಕರೆಯುತ್ತೇನೆ.

ಇಂಗ್ಲಿಷಿನಲ್ಲಿ ಸ್ವರಾಕ್ಷರಗಳು ಐದೇ ಆದರೂ ಬ್ರಿಟನ್ನಿನ ಶಿಷ್ಟ ಉಚ್ಚಾರಣೆಯಲ್ಲಿ ಸ್ವರಧ್ವನಿಗಳು ಸುಮಾರು 20 ಇವೆ. ಐದು ಅಕ್ಷರಗಳು ಅಷ್ಟು ಧ್ವನಿಗಳನ್ನು ಹೊರಬೇಕಾದುದರಿಂದಲೇ ಒಂದೇ 'ಎ' ಅಕ್ಷರ ಕ್ಯಾಟ್, ಕಾರ್, ಕೇಕ್, ಕಾಲ್, ಅಬೌಟ್ ಎಂಬ ಐದು ಪದಗಳಲ್ಲಿ ಐದು ಬಗೆಯಾಗಿ ನುಡಿಯುತ್ತದೆ. ಸ್ವರ ಧ್ವನಿಗೆ ಸೇರಿದ್ದು ಎಂಬುದನ್ನು ಇಂಗ್ಲಿಷ್ ವ್ಯಾಕರಣವೂ ಒಪ್ಪಿಕೊಂಡಿದೆ. ಸ್ವರದಿಂದ ಆರಂಭವಾಗುವ ಪದದ ಹಿಂದೆ 'ಆ್ಯನ್' ಬರಬೇಕೆಂಬ ನಿಯಮವನ್ನೇ ನೋಡಿ: ಎಂಎಲ್‌ಎ ಎಂಬುದನ್ನು ಬರೆಯುವಾಗ ಮೊದಲು ಬರುವುದು 'ಎಂ' ಎಂಬ ವ್ಯಂಜನಾಕ್ಷರವಾದರೂ ಅದರ ಹೆಸರು ಎಕಾರದಿಂದ ಶುರುವಾಗುವುದರಿಂದ 'ಆ್ಯನ್ ಎಂಎಲ್‌ಎ' ಎನ್ನುತ್ತೇವೆ, ಯೂನಿವರ್ಸಿಟಿ ಎಂಬುದು 'ಯು' ಎಂಬ ಸ್ವರಾಕ್ಷರದಿಂದ ಆರಂಭವಾದರೂ ಕಿವಿಗೆ ಬೀಳುವುದು ಯಕಾರವಾದ್ದರಿಂದ 'ಎ ಯೂನಿವರ್ಸಿಟಿ' ಎನ್ನುತ್ತೇವೆ. ನಿಮ್ಮ ಮಗಳಿಗೆ ಕಲಿಸಿರುವ ನಿಯಮವನ್ನು 'ಪ್ರತಿ ಪದದಲ್ಲೂ ಒಂದು ಸ್ವರಧ್ವನಿ ಇರುತ್ತದೆ' ಎಂದು ತಿದ್ದಿಕೊಂಡರೆ ಅದು ಬಹುಮಟ್ಟಿಗೆ ಸರಿ. 'ಬಹುಮಟ್ಟಿಗೆ' ಎಂದದ್ದೇಕೆ ಎಂಬುದು ಮುಂದೆ ಬರುತ್ತದೆ. ಪರೀಕ್ಷೆಯಲ್ಲಿ 'ಸ್ವರಗಳಿಲ್ಲದ ಪದಕ್ಕೆ ಉದಾಹರಣೆ ಕೊಡಿ' ಎಂದು ಕೇಳಿದರೆ ಅವಳು ಸ್ಕೈ ಎಂದು ಬರೆಯಲಿ, ಕೇಳುವವರು ಬಯಸುವುದು ಅದನ್ನೇ. ಪ್ರಶ್ನೆಯನ್ನು 'ಸ್ವರಾಕ್ಷರಗಳಿಲ್ಲದ ಪದ' ಎಂದು ಬರೆದಿದ್ದರೆ ಚೆನ್ನಾಗಿತ್ತು ಎಂಬುದು ಪ್ರಶ್ನೆಪತ್ರಿಕೆ ತೆಗೆಯುವವರಿಗೆ ಸೇರಿದ ಮಾತು.

ಇನ್ನು 'ವೈ'. ಅದು ಸ್ವರವೋ ವ್ಯಂಜನವೋ ಎಂಬ ಪ್ರಶ್ನೆಗೆ ಉತ್ತರವನ್ನು ಇಂಗ್ಲಿಷ್ ಪಾಠಕ್ಕಿಂತ ಕನ್ನಡ ವ್ಯಾಕರಣದ ಪಾಠವೇ ಚೆನ್ನಾಗಿ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ. ಪ್ರೌಢಶಾಲೆಯಲ್ಲಿ ನಾವೆಲ್ಲ ಯಣ್ ಸಂಧಿಯನ್ನು ಬಾಯಿಪಾಠ ಮಾಡಿದ್ದೇವೆ: ಅತಿ ಮತ್ತು ಅಂತ ಸೇರಿದರೆ ಅತ್ಯಂತ, ಮನು ಮತ್ತು ಅಂತರ ಸೇರಿದರೆ ಮನ್ವಂತರ, ಪಿತೃ ಮತ್ತು ಆರ್ಜಿತ ಸೇರಿದರೆ ಪಿತ್ರಾರ್ಜಿತ. ಮುಂದೆ ಬೇರೊಂದು ಸ್ವರ ಬಂದಾಗ ಇಕಾರವು ಯಕಾರವಾಗಿ, ಉಕಾರವು ವಕಾರವಾಗಿ, ಋಕಾರವು ರೇಫವಾಗಿ, ಎಂದರೆ ರಕಾರವಾಗಿ, ಮಾರ್ಪಡುತ್ತದೆ. ಪಾಣಿನಿ ಇದನ್ನು 'ಇಕೋ ಯಣಚಿ' ಎಂಬ ಪುಟ್ಟ ಸೂತ್ರದಲ್ಲಿ ಹೇಳಿ ಮುಗಿಸಿದ್ದಾನೆ. ಇದು ಕೇವಲ ಬರಹದ ನಿಯಮವಲ್ಲ. ಇ, ಆ ಎಂದು ಬಿಡಿಬಿಡಿಯಾಗಿ ಹೇಳಿ, ಆಮೇಲೆ ಸ್ವಲ್ಪ ಸ್ವಲ್ಪವೇ ವೇಗ ಹೆಚ್ಚಿಸುತ್ತಾ ಹೋಗಿ. ನಾಲಿಗೆ ಬೇರೇನನ್ನೂ ಮಾಡದಿದ್ದರೂ ಒಂದು ಹಂತದಲ್ಲಿ ಅದು ಯಾ ಎಂದು ಕೇಳಿಸತೊಡಗುತ್ತದೆ. ಉ, ಆ ಎಂಬುದು ಹಾಗೆಯೇ ವಾ ಆಗುತ್ತದೆ. ಇಕಾರಕ್ಕೂ ಯಕಾರಕ್ಕೂ ನಾಲಿಗೆಯ ಸ್ಥಾನ ಹೆಚ್ಚುಕಡಿಮೆ ಒಂದೇ. ಅಲ್ಲಿ ನಿಂತರೆ ಸ್ವರ, ನಿಲ್ಲದೆ ಮುಂದಿನ ಸ್ವರಕ್ಕೆ ಜಾರಿದರೆ ವ್ಯಂಜನ.

ಇಂಗ್ಲಿಷಿನ 'ವೈ' ಮಾಡುವುದೂ ಇಷ್ಟನ್ನೇ. ಯೆಸ್, ಯಂಗ್, ಬಿಯಾಂಡ್ ಎಂಬಲ್ಲಿ ಅದರ ಮುಂದೆ ಬೇರೆ ಸ್ವರವಿದೆ, ಆದ್ದರಿಂದ ಅದು ಯಕಾರ. ಜಿಮ್, ಮಿತ್, ಕ್ರಿಪ್ಟ್ ಎಂಬಲ್ಲಿ ಮುಂದೆ ಬೇರೆ ಸ್ವರವಿಲ್ಲ, ಆದ್ದರಿಂದ ಅದೇ ಸ್ವರವಾಗಿ ನಿಲ್ಲುತ್ತದೆ. ಪದದ ಮೊದಲಿಗೆ ಬಂದಾಗ ಅದು ಸಾಮಾನ್ಯವಾಗಿ ಯಕಾರವೇ ಆದರೂ, ಸ್ವೀಡನ್ನಿನ ಇಟ್ಟರ್ಬಿ ಎಂಬ ಹಳ್ಳಿಯ ಹೆಸರಿನಿಂದ ಬಂದ ಇಟ್ರಿಯಂ ಮತ್ತು ಇಟ್ಟರ್ಬಿಯಂ ಎಂಬ ಮೂಲವಸ್ತುಗಳ ಹೆಸರುಗಳಲ್ಲಿ ಮೊದಲಕ್ಷರವಾದ 'ವೈ' ಮುಂದೆ ವ್ಯಂಜನವೇ ಇರುವುದರಿಂದ ಅದು ಇಕಾರವಾಗಿಯೇ ಉಳಿಯುತ್ತದೆ. ಅಮೆರಿಕದ ಶಾಲೆಗಳಲ್ಲಿ ಮಕ್ಕಳಿಗೆ ಐದು ಸ್ವರಗಳ ಹೆಸರು ಹೇಳಿಸಿ ಕೊನೆಗೆ 'ಕೆಲವೊಮ್ಮೆ ವೈ ಕೂಡ' ಎಂದು ಸೇರಿಸಿಸುವ ರೂಢಿಯಿದೆ. ಯಣ್ ಸಂಧಿ ಬಲ್ಲವರಿಗೆ ಆ 'ಕೆಲವೊಮ್ಮೆ' ಎಂದರೆ ಯಾವಾಗ ಎಂಬುದೂ ತಿಳಿದಿರುತ್ತದೆ.

ಲಿಪಿಯ ಚರಿತ್ರೆಯಲ್ಲಿಯೂ ಇದೇ ಮಾರ್ಪಾಡು ಮತ್ತೆ ಮತ್ತೆ ನಡೆದಿದೆ. ಇಂಗ್ಲಿಷ್ ಬಳಸುವ ರೋಮನ್ ಲಿಪಿಯ ಮೂಲಪುರುಷನಾದ ಫಿನೀಷಿಯನ್ ಲಿಪಿಯಲ್ಲಿ ಸ್ವರಾಕ್ಷರಗಳೇ ಇರಲಿಲ್ಲ. ಇಪ್ಪತ್ತೆರಡು ಅಕ್ಷರಗಳೂ ವ್ಯಂಜನಗಳು. ಅದನ್ನು ಎರವಲು ಪಡೆದ ಗ್ರೀಕರಿಗೆ ತಮ್ಮ ಭಾಷೆಯ ಸ್ವರಗಳನ್ನು ಬರೆಯದೆ ಕೆಲಸ ಸಾಗುತ್ತಿರಲಿಲ್ಲವಾದ್ದರಿಂದ, ಕೆಲವು ವ್ಯಂಜನಾಕ್ಷರಗಳನ್ನು ಸ್ವರಗಳಿಗೆ ಹಚ್ಚಿದರು. ಯಕಾರವನ್ನು ಸೂಚಿಸುತ್ತಿದ್ದ 'ಯೋದ್' ಎಂಬ ಅಕ್ಷರ ಗ್ರೀಕಿನಲ್ಲಿ ಇಕಾರದ 'ಅಯೋಟ' ಆಯಿತು; ವಕಾರದ 'ವಾವ್' ಉಕಾರದ 'ಉಪ್ಸಿಲಾನ್' ಆಯಿತು. ಸಂಸ್ಕೃತ ವ್ಯಾಕರಣದಲ್ಲಿ ಯಣ್ ಸಂಧಿಗೆ ವಿರುದ್ಧ ದಿಕ್ಕಿನಲ್ಲಿ ನಡೆಯುವ ಈ ಬದಲಾವಣೆಗೆ ಸಂಪ್ರಸಾರಣ ಎಂಬ ಹೆಸರೇ ಇದೆ: ಯಜ್ಞದ ಯಕಾರ ಪುತ್ರಕಾಮೇಷ್ಟಿಯ 'ಇಷ್ಟಿ'ಯಲ್ಲಿ ಇಕಾರವಾಗುತ್ತದೆ, ವಚನದ ವಕಾರ 'ಉಕ್ತಿ'ಯಲ್ಲಿ ಉಕಾರವಾಗುತ್ತದೆ, ಸ್ವಪ್ನದ ವಕಾರ 'ಸುಪ್ತ' ಎಂಬಲ್ಲಿ ಹಾಗೆಯೇ ಕರಗುತ್ತದೆ. ಸಂಸ್ಕೃತದ ಧಾತುಗಳಲ್ಲಿ ನಡೆದದ್ದು ಗ್ರೀಕರ ಲಿಪಿಯಲ್ಲೂ ನಡೆಯಿತು. ಎರಡಕ್ಕೂ ಕಾರಣ ಮನುಷ್ಯನ ಬಾಯಿಯ ರಚನೆಯೇ.

ಪ್ರಾಚೀನ ಇಟಲಿಯ ಎಟ್ರುಸ್ಕನ್ನರ ಮೂಲಕ ರೋಮನ್ನರು ಲಿಪಿಯನ್ನು ಪಡೆದಾಗ ಈ ಉಪ್ಸಿಲಾನ್ ಅಕ್ಷರ ಅವರಲ್ಲಿ 'ವಿ' ಆಕಾರದಲ್ಲಿ ನೆಲೆಸಿ ಉಕಾರ, ವಕಾರ ಎರಡಕ್ಕೂ ಬಳಕೆಯಾಯಿತು. ಅಷ್ಟರಲ್ಲಿ ಗ್ರೀಸಿನಲ್ಲಿ ಉಪ್ಸಿಲಾನಿನ ಉಚ್ಚಾರಣೆ ಬದಲಾಗಿತ್ತು: ಉ ಎನ್ನುವಾಗಿನಂತೆ ತುಟಿಯನ್ನು ದುಂಡಗೆ ಮಾಡಿಕೊಂಡು ಇ ಎಂದರೆ ಬರುವ ಧ್ವನಿ ಅದು, ಇಂದಿನ ಫ್ರೆಂಚ್ ಮತ್ತು ಜರ್ಮನ್ ಭಾಷೆಗಳಲ್ಲಿ ಅದು ಕೇಳಸಿಗುತ್ತದೆ. ಕ್ರಿಸ್ತಪೂರ್ವ ಒಂದನೇ ಶತಮಾನದಲ್ಲಿ ಗ್ರೀಕ್ ಪದಗಳನ್ನು ಹೇರಳವಾಗಿ ಎರವಲು ಪಡೆಯುತ್ತಿದ್ದ ರೋಮನ್ನರು ಈ ಧ್ವನಿಗಾಗಿ ಉಪ್ಸಿಲಾನನ್ನು ಎರಡನೇ ಬಾರಿಗೆ, ಈಗ 'ವೈ' ಆಕಾರದಲ್ಲಿ, ತಂದು 'ಝಡ್' ಜೊತೆಗೆ ವರ್ಣಮಾಲೆಯ ಕೊನೆಗೆ ಸೇರಿಸಿದರು. ಫ್ರೆಂಚರು ಇಂದಿಗೂ ಆ ಅಕ್ಷರವನ್ನು 'ಗ್ರೀಕ್ ಐ' ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಅಂದರೆ 'ವೈ' ಲ್ಯಾಟಿನ್ನಿಗೆ ಬಂದದ್ದೇ ಸ್ವರವಾಗಿ. ಹಿಂದೆ ತಿರುಗಿ ನೋಡಿದರೆ 'ಯು', 'ವಿ', 'ಡಬ್ಲ್ಯು', 'ವೈ' ಮತ್ತು 'ಎಫ್' ಈ ಐದೂ ಅಕ್ಷರಗಳು ಒಂದೇ 'ವಾವ್' ಎಂಬ ವ್ಯಂಜನದ ಸಂತಾನ. ಅವುಗಳಲ್ಲಿ 'ಯು' ಒಂದನ್ನು ಮಾತ್ರ ಸ್ವರಗಳ ಪಟ್ಟಿಗೆ ಸೇರಿಸಿ ಉಳಿದವನ್ನು ಹೊರಗಿಟ್ಟದ್ದು ಶಾಲೆಯ ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡೇ ಹೊರತು ಬೇರೇನಲ್ಲ.

ಐದು ಸ್ವರಾಕ್ಷರಗಳಿಲ್ಲದ ಪದಗಳಲ್ಲಿ ದೊಡ್ಡದೊಂದು ಗುಂಪು ಗ್ರೀಕ್ ಮೂಲದ್ದಾಗಿರುವುದಕ್ಕೆ ಕಾರಣ ಇದೇ. ಮಿತ್, ಹಿಮ್, ನಿಂಫ್, ಕ್ರಿಪ್ಟ್, ಲಿಂಕ್ಸ್, ಪಿಗ್ಮಿ, ಕನ್ನಡ ಬೈಬಲ್ಲಿನಲ್ಲಿ ರಕ್ತಬೋಳ ಎಂದು ಕರೆದಿರುವ ಸುಗಂಧದ್ರವ್ಯದ ಹೆಸರಾದ ಮರ್, ಇವೆಲ್ಲದರ 'ವೈ' ಒಂದು ಕಾಲದಲ್ಲಿ ಉಪ್ಸಿಲಾನ್ ಆಗಿತ್ತು. ಮಕ್ಕಳು ಪದೇ ಪದೇ ತಪ್ಪು ಬರೆಯುವ ರಿದಮ್ ಪದವನ್ನು ಬಿಡಿಸಿ ನೋಡಿದರೆ ಅದರ ವಿಚಿತ್ರ ಸ್ಪೆಲಿಂಗಿನಲ್ಲಿ ಒಂದು ಅಚ್ಚುಕಟ್ಟುತನ ಕಾಣುತ್ತದೆ. ಗ್ರೀಕಿನಲ್ಲಿ ಆ ಪದದ ಮೊದಲ ರೇಫವನ್ನು ಹಕಾರ ಬೆರೆಸಿ ನುಡಿಯುತ್ತಿದ್ದರು, ಆದ್ದರಿಂದ 'ಆರ್, ಎಚ್', ನಂತರ ಉಪ್ಸಿಲಾನ್, ಆದ್ದರಿಂದ 'ವೈ', ನಂತರ ಮಹಾಪ್ರಾಣದ ಥೀಟಾ, ಆದ್ದರಿಂದ 'ಟಿ, ಎಚ್', ಕೊನೆಗೆ 'ಎಂ'. ಗ್ರೀಕಿನ ನಾಲ್ಕು ಅಕ್ಷರಗಳು ಇಂಗ್ಲಿಷಿನಲ್ಲಿ ಆರಾಗಿವೆ, ಗ್ರೀಕಿನ ಪ್ರತ್ಯಯ ಬಿದ್ದುಹೋಗಿದೆ. ಇದರ ಬಹುವಚನವಾದ ರಿದಮ್ಸ್ ಏಳು ಅಕ್ಷರಗಳದ್ದಾಗಿ, ದಿನಬಳಕೆಯ ಇಂಗ್ಲಿಷಿನಲ್ಲಿ ಈ ಜಾತಿಯ ಪದಗಳ ಪೈಕಿ ಅತಿ ಉದ್ದವಾದದ್ದು.

ಈ ಗುಂಪಿನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಖಗೋಳಶಾಸ್ತ್ರದ ಸಿಝಿಜಿ ಎಂಬ ಪದ. ಆರು ಅಕ್ಷರಗಳಲ್ಲಿ ಮೂರು 'ವೈ'. ಅಮಾವಾಸ್ಯೆ ಮತ್ತು ಹುಣ್ಣಿಮೆಗಳಲ್ಲಿ ಸೂರ್ಯ, ಭೂಮಿ, ಚಂದ್ರರು ಹೆಚ್ಚುಕಡಿಮೆ ಒಂದೇ ಸಾಲಿಗೆ ಬರುವ ಸ್ಥಿತಿಗೆ ಅದು ಹೆಸರು. ಇದರೊಳಗಿರುವ ಗ್ರೀಕಿನ ಮೂಲಪದಕ್ಕೆ ನೊಗ ಎಂದು ಅರ್ಥ, ಮತ್ತು ಅದು ಸಂಸ್ಕೃತದ 'ಯುಗ' ಪದದ ನೇರ ಜ್ಞಾತಿ. ಇಂಗ್ಲಿಷಿನ ಯೋಕ್ ಕೂಡ ಅದೇ ಬಳಗದ್ದು. 'ಯುಗ' ಪದದ ಯಕಾರ ಗ್ರೀಕಿನಲ್ಲಿ 'ಝಡ್' ಆಗಿ, ಅದರ ಉಕಾರ ಉಪ್ಸಿಲಾನ್ ಆಗಿ ಉಳಿಯಿತು. ಸಿಝಿಜಿಯ ನಡುವಣ 'ವೈ' ಅದೇ ಉಕಾರ. ಯೋಕ್ ಪದದಲ್ಲಿಯಾದರೋ 'ವೈ' ನಿಂತಿರುವುದು ಯಕಾರದ ಜಾಗದಲ್ಲಿ. ಒಂದೇ ಮೂಲಪದದ ಎರಡು ಬೇರೆ ಬೇರೆ ಧ್ವನಿಗಳಿಗೆ ಇಂಗ್ಲಿಷು ಒಂದೇ ಅಕ್ಷರವನ್ನು ಬಳಸಿದೆ.

ಗ್ರೀಕಿನದಲ್ಲದಿದ್ದರೂ ಗ್ರೀಕಿನ ವೇಷ ತೊಟ್ಟ ಪದಗಳೂ ಇವೆ. ನಾವು ದುಗ್ಧರಸ ಎಂದು ಅನುವಾದಿಸಿಕೊಂಡಿರುವ ಲಿಂಫ್ ಲ್ಯಾಟಿನ್ ಪದ. ಗ್ರೀಕಿನ ನಿಂಫ್ ಪದದ ಪ್ರಭಾವದಿಂದ ಅದಕ್ಕೆ 'ವೈ' ಅಂಟಿಕೊಂಡಿತು. ಜಿಪ್ಸಿ ಎಂಬುದು ಈಜಿಪ್ಟಿನವರು ಎಂಬ ತಪ್ಪು ತಿಳಿವಳಿಕೆಯಿಂದ ಹುಟ್ಟಿದ ಹೆಸರು. ಹಾಗೆ ಕರೆಸಿಕೊಂಡ ರೋಮಾ ಜನರ ಪೂರ್ವಜರು ಹೋದದ್ದು ಭಾರತದಿಂದ, ಅವರ ನುಡಿ ಇಂದಿಗೂ ಇಂಡೋ-ಆರ್ಯನ್ ಕುಟುಂಬದ್ದು, ಮತ್ತು ಅವರಲ್ಲಿ ಅನೇಕರಿಗೆ ಈ ಹೆಸರು ಅವಹೇಳನವಾಗಿ ಕೇಳಿಸುತ್ತದೆ. 1947ರ ಆಗಸ್ಟ್ 14ರ ಮಧ್ಯರಾತ್ರಿ ನೆಹರೂ ಅವರು ಸಂವಿಧಾನ ರಚನಾಸಭೆಯಲ್ಲಿ ಮಾಡಿದ ಭಾಷಣದಿಂದಾಗಿ ಭಾರತೀಯರಿಗೆಲ್ಲ ಪರಿಚಿತವಾಗಿರುವ ಟ್ರಿಸ್ಟ್ ಎಂಬ ಪದ ಹಳೆಯ ಫ್ರೆಂಚಿನದು. ಬೇಟೆಯಲ್ಲಿ ಬೇಟೆಗಾರ ಕಾದು ನಿಲ್ಲಬೇಕಾದ ಗೊತ್ತಾದ ಜಾಗಕ್ಕೆ ಆ ಹೆಸರಿತ್ತು.

ಎರಡನೆಯ ದೊಡ್ಡ ಗುಂಪು ಬೈ, ಮೈ, ವೈ, ಡ್ರೈ, ಶೈ, ಸ್ಲೈ, ಸ್ಕೈ, ಫ್ಲೈ, ಟ್ರೈ, ಕ್ರೈ ಮುಂತಾದ ಪುಟ್ಟ ಪದಗಳದು. ಇವಕ್ಕೂ ಗ್ರೀಕಿಗೂ ಸಂಬಂಧವಿಲ್ಲ. ಮೈ, ಡ್ರೈ ಅಚ್ಚ ಇಂಗ್ಲಿಷಿನವು. ಸ್ಕೈ ಎಂಬುದು ಮೋಡ ಎಂಬ ಅರ್ಥದ, ಸ್ಕ್ಯಾಂಡಿನೇವಿಯದ ಹಳೆಯ ಭಾಷೆಯಾದ ನಾರ್ಸ್‌ನ ಪದ. ಟ್ರೈ, ಕ್ರೈ ಫ್ರೆಂಚಿನಿಂದ ಬಂದವು. ಹಳೆಯ ಇಂಗ್ಲಿಷಿನಲ್ಲಿಯೂ 'ವೈ' ತುಟಿ ದುಂಡಗಾಗಿಸಿದ ಇಕಾರವೇ ಆಗಿತ್ತು. ಕಾಲಕ್ರಮದಲ್ಲಿ ತುಟಿಯ ದುಂಡು ಹೋಗಿ ಅದು ಸಾಮಾನ್ಯ ಇಕಾರದಲ್ಲಿ ಬೆರೆತುಹೋದಾಗ, ಲಿಪಿಕಾರರ ಕೈಯಲ್ಲಿ ಒಂದೇ ಧ್ವನಿಗೆ 'ಐ' ಮತ್ತು 'ವೈ' ಎಂಬ ಎರಡು ಅಕ್ಷರಗಳು ಉಳಿದವು. ಯಾವುದನ್ನು ಎಲ್ಲಿ ಬಳಸಬೇಕೆಂಬುದನ್ನು ನಿರ್ಧರಿಸಿದ್ದು ಬಹುಮಟ್ಟಿಗೆ ಕಣ್ಣಿನ ಅನುಕೂಲ. ಮಧ್ಯಯುಗದ ಹಸ್ತಪ್ರತಿಗಳ ಬರವಣಿಗೆಯಲ್ಲಿ 'ಐ', 'ಎಂ', 'ಎನ್', 'ಯು' ಇವೆಲ್ಲ ಒಂದೇ ಬಗೆಯ ಗಿಡ್ಡ ಲಂಬಗೀಟುಗಳಿಂದ ಕೂಡಿರುತ್ತಿದ್ದವು. ಮಿನಿಮಮ್ ಎಂಬ ಪದವನ್ನು ಬರೆದರೆ ಕಾಣುವುದು ಸಾಲಾಗಿ ನಿಂತ 15 ಗೀಟುಗಳು, ಯಾವುದು ಎಲ್ಲಿ ಮುಗಿಯಿತೆಂದು ಹೇಳುವುದೇ ಕಷ್ಟ. ಇಂತಹ ಗೀಟುಗಳ ಗುಂಪಿನಲ್ಲಿ ಕೆಳಕ್ಕೆ ಬಾಲ ಬಿಟ್ಟ 'ವೈ' ಸುಲಭವಾಗಿ ಎದ್ದು ಕಾಣುತ್ತಿತ್ತು. ಪದದ ಕೊನೆಯಲ್ಲಿ 'ಐ' ಬರೆಯದೆ 'ವೈ' ಬರೆಯುವ ಪದ್ಧತಿಯೂ ಹೀಗೆ ನೆಲೆಗೊಂಡಿತು. ಇಂದಿಗೂ ಇಂಗ್ಲಿಷಿನ ಸ್ವಂತ ಪದಗಳು 'ಐ' ಅಕ್ಷರದಿಂದ ಕೊನೆಯಾಗುವುದು ತೀರಾ ಅಪರೂಪ. ಹಾಗೆ ಕೊನೆಯಾಗುವ ಸ್ಕೀ, ಟ್ಯಾಕ್ಸಿ, ಸಾರಿ, ಚಪಾತಿ ಮುಂತಾದವು ಹೊರಗಿನಿಂದ ಬಂದವು ಅಥವಾ ಮೊಟಕುಗೊಂಡ ರೂಪಗಳು.

ಕೊನೆಯ 'ವೈ' ನಿಜಕ್ಕೂ 'ಐ' ಅಕ್ಷರದ ಬದಲಿ ವೇಷವೆಂಬುದಕ್ಕೆ ಸಾಕ್ಷಿ ವ್ಯಾಕರಣದ ಪಾಠದಲ್ಲೇ ಇದೆ. ಸ್ಕೈ ಬಹುವಚನವಾದಾಗ, ಕ್ರೈ ಭೂತಕಾಲಕ್ಕೆ ಹೋದಾಗ, ಆ ಅಕ್ಷರ ಪದದ ಕೊನೆಯಲ್ಲಿ ಉಳಿಯದೆ ನಡುವಿಗೆ ಬರುತ್ತದೆ. ಆಗ ಅದು ಮತ್ತೆ 'ಐ' ಆಗಿಬಿಡುತ್ತದೆ. ಕ್ರೈಯಿಂಗ್ ಎಂಬಲ್ಲಿ ಮಾತ್ರ ಎರಡು 'ಐ' ಒಟ್ಟಿಗೆ ಬರುವುದನ್ನು ತಪ್ಪಿಸಲು 'ವೈ' ಉಳಿದುಕೊಳ್ಳುತ್ತದೆ. ಇದನ್ನು ಮಕ್ಕಳಿಗೆ ಕಾರಣವಿಲ್ಲದ ನಿಯಮವೆಂಬಂತೆ ಉರು ಹೊಡೆಸುವುದಕ್ಕಿಂತ ಈ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಿಕೊಡುವುದು ಮೇಲು. ಇವುಗಳ ಉಚ್ಚಾರಣೆ ಈಗ ಐಕಾರವಾಗಿರುವುದು ಸುಮಾರು 1400ರಿಂದ 1700ರವರೆಗೆ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಸ್ಥಾನ ಬದಲಿಸಿದ್ದರ ಫಲ. ಅದಕ್ಕೆ ಮೊದಲು ಮೈ ಎಂಬುದನ್ನು ಮೀ ಎಂದೇ ನುಡಿಯುತ್ತಿದ್ದರು. ಹಳೆಯ ಕಾಲದ ಅಂಗಡಿಯಂತೆ ತೋರಿಸಿಕೊಳ್ಳಲು ಫಲಕದ ಮೇಲೆ ಬರೆಸುವ 'ಯೀ ಓಲ್ಡ್' ಎಂಬುದರ 'ವೈ' ಮಾತ್ರ ಈ ಯಾವ ಕಥೆಗೂ ಸೇರುವುದಿಲ್ಲ: ಅದು ತಕಾರ-ದಕಾರಗಳ ಧ್ವನಿಗೆ ಇದ್ದ ಥಾರ್ನ್ ಎಂಬ ಹಳೆಯ ಅಕ್ಷರ 'ವೈ' ಹಾಗೆ ಕಾಣುತ್ತಿದ್ದುದರಿಂದ ಆದ ಪಲ್ಲಟ, ಓದಬೇಕಾದದ್ದು 'ದ' ಎಂದೇ.

'ವೈ' ಕೂಡ ಇಲ್ಲದ ಪದಗಳು ಇವೆಯೇ ಎಂದು ಕೇಳಿದ್ದೀರಿ. ಇವೆ, ಮತ್ತು ಅವುಗಳಲ್ಲಿ ಹೆಚ್ಚು ಗಣ್ಯವಾದವು ವೇಲ್ಸ್ ಪ್ರಾಂತದ ಭಾಷೆಯಿಂದ ಬಂದವು. ವೆಲ್ಷ್ ಭಾಷೆಯಲ್ಲಿ ಸ್ವರಾಕ್ಷರಗಳು ಏಳು: ನಮಗೆ ಗೊತ್ತಿರುವ ಐದರ ಜೊತೆಗೆ 'ಡಬ್ಲ್ಯು' ಮತ್ತು 'ವೈ'. 'ಡಬ್ಲ್ಯು' ಅಕ್ಷರದ ಇಂಗ್ಲಿಷ್ ಹೆಸರೇ ಜೋಡಿ 'ಯು' ಎಂದು ಹೇಳುತ್ತಿರುವಾಗ ಅದು ಉಕಾರವನ್ನು ಸೂಚಿಸುವುದರಲ್ಲಿ ಆಶ್ಚರ್ಯವಿಲ್ಲ. ಮನ್ವಂತರದ ವಕಾರ ಮತ್ತೆ ಮನುವಿನ ಉಕಾರವಾದಂತೆ ಅಷ್ಟೆ. 'ಸಿ, ಡಬ್ಲ್ಯು, ಎಂ' ಎಂದು ಬರೆದು ಕೂಮ್ ಎಂದು ಓದುವ ಪದಕ್ಕೆ ಕಣಿವೆಯೆಂದು ಅರ್ಥ. ಭೂಗೋಳಶಾಸ್ತ್ರದಲ್ಲಿ ಅದು ಹಿಮನದಿ ಕೊರೆದ ಬೋಗುಣಿಯಾಕಾರದ ತಗ್ಗು. ಎವರೆಸ್ಟಿನ ದಾರಿಯಲ್ಲಿ ಖುಂಬು ಐಸ್‌ಫಾಲ್ ಎಂಬ ಕಡಿದಾದ ಹಿಮರಾಶಿಯನ್ನು ದಾಟಿದ ಮೇಲೆ ಎವರೆಸ್ಟ್, ಲೋತ್ಸೆ, ನುಪ್ತ್ಸೆ ಶಿಖರಗಳ ನಡುವೆ ಸಿಗುವ ವಿಶಾಲವಾದ ಹಿಮಕಣಿವೆಗೆ ವೆಸ್ಟರ್ನ್ ಕೂಮ್ ಎಂದು ಹೆಸರಿಟ್ಟವರು ಜಾರ್ಜ್ ಮ್ಯಾಲರಿ, 1921ರ ಪರಿಶೋಧನಾ ಯಾತ್ರೆಯಲ್ಲಿ. ವೇಲ್ಸಿನ ಬೆಟ್ಟಗಳಲ್ಲಿ ಹತ್ತಿ ಪಳಗಿದವರಾದ್ದರಿಂದ ಅವರಿಗೆ ಆ ಪದ ಸಹಜವಾಗಿತ್ತು. 1953ರಲ್ಲಿ ಟೆನ್ಸಿಂಗ್ ಮತ್ತು ಹಿಲರಿ ಶಿಖರಕ್ಕೆ ಏರಿದ್ದೂ, 1965ರಲ್ಲಿ ಎಂ. ಎಸ್. ಕೊಹ್ಲಿ ಅವರ ನಾಯಕತ್ವದ ಭಾರತೀಯ ತಂಡದ ಒಂಬತ್ತು ಮಂದಿ ಏರಿದ್ದೂ ಈ ಸ್ವರಾಕ್ಷರವಿಲ್ಲದ ಕಣಿವೆಯ ಮೂಲಕವೇ. ಕ್ರೂತ್ ಎಂಬ ಇನ್ನೊಂದು ಪದ ಕಮಾನಿನಿಂದ ನುಡಿಸುವ ಆರು ತಂತಿಗಳ ಹಳೆಯ ವೆಲ್ಷ್ ವಾದ್ಯದ ಹೆಸರು. ಅದನ್ನು ನುಡಿಸುವವರಿಂದ ಇಂಗ್ಲೆಂಡಿನಲ್ಲಿ ಕ್ರೌದರ್ ಎಂಬ ಮನೆತನದ ಹೆಸರು ಬಂದಿದೆ. ದಕ್ಷಿಣ ವೇಲ್ಸಿನ ಜನ ಅಪ್ಪುಗೆಗೆ ಕುಚ್ ಎನ್ನುತ್ತಾರೆ. ಅದರ ಐದಕ್ಷರಗಳಲ್ಲಿಯೂ ಸ್ವರದ ಕೆಲಸ ಮಾಡುವುದು 'ಡಬ್ಲ್ಯು' ಒಂದೇ.

ಇಲ್ಲಿಯವರೆಗೆ ಹೇಳಿದ ಪದಗಳಲ್ಲೆಲ್ಲ ಸ್ವರಧ್ವನಿ ಇತ್ತು, ಅದನ್ನು ಸೂಚಿಸುವ ಅಕ್ಷರ ಮಾತ್ರ ಬೇರೆಯದಾಗಿತ್ತು. ರಿದಮ್ ಪದದ ಉತ್ತರಾರ್ಧ ಇದಕ್ಕಿಂತ ಸೂಕ್ಷ್ಮವಾದ ವಿಷಯ. ಅದನ್ನು ಎರಡು ಉಚ್ಚಾರಣಾ ಖಂಡಗಳಾಗಿ (ಸಿಲಬಲ್‌ಗಳಾಗಿ) ನುಡಿಯುತ್ತಾರೆ, ಆದರೆ ಎರಡನೆಯ ಖಂಡಕ್ಕೆ ಬರವಣಿಗೆಯಲ್ಲಿ 'ವೈ' ಕೂಡ ಇಲ್ಲ. ಅಲ್ಲಿ ಮಕಾರವೇ, ಹೆಚ್ಚೆಂದರೆ ಅದರ ಹಿಂದೆ ಇಣುಕುವ ಒಂದು ಕ್ಷೀಣವಾದ ಅಕಾರದ ನೆರವಿನಿಂದ, ಸ್ವರದ ಸ್ಥಾನದಲ್ಲಿ ನಿಲ್ಲುತ್ತದೆ. ಕನ್ನಡಿಗರು ಈ ತೊಡಕನ್ನು ತಮ್ಮ ರೀತಿಯಲ್ಲಿ ಬಿಡಿಸಿಕೊಂಡಿದ್ದಾರೆ: ಕಮ್ಯುನಿಸಂ, ಸೋಷಿಯಲಿಸಂ, ಫಿಲಂ ಎಂದು ಬರೆಯುವಾಗ ಆ ಅಕಾರವನ್ನು ಪೂರ್ತಿಯಾಗಿಯೇ ಕೊಟ್ಟುಬಿಡುತ್ತೇವೆ. ಬಾಟಲ್ ಎಂಬ ಪದವನ್ನು ಇಂಗ್ಲಿಷರು ನುಡಿಯುವಾಗ ಕೊನೆಯಲ್ಲಿ ಕೇಳುವುದು ಇಂತಹುದೇ ಒಂಟಿ ಲಕಾರ, ಬಟನ್ ಎಂಬಲ್ಲಿ ಒಂಟಿ ನಕಾರ, ಅಮೆರಿಕನ್ನರ ಬರ್ಡ್ ಪದದಲ್ಲಿ ಒಂಟಿ ರೇಫ.

ವ್ಯಂಜನವೊಂದು ಸ್ವರವಾಗಿ ನಿಲ್ಲುವುದು ನಮಗೆ ಹೊಸದಲ್ಲ. ನಮ್ಮ ವರ್ಣಮಾಲೆಯ 13 ಸ್ವರಗಳ ನಡುವೆ ಋಕಾರ ಕುಳಿತಿರುವುದು ಇದೇ ಕಾರಣಕ್ಕೆ. ಮೂಲದಲ್ಲಿ ಅದು ಹಿಂದೆ ಮುಂದೆ ಬೇರೆ ಸ್ವರವಿಲ್ಲದೆ ತಾನೇ ಸ್ವರವಾದ ರೇಫ. ಅದರ ಮೂಲ ಉಚ್ಚಾರಣೆ ಮರೆತುಹೋಗಿ ಕರ್ನಾಟಕದಲ್ಲಿ ಅದು ರು ಆಗಿಯೂ ಉತ್ತರ ಭಾರತದಲ್ಲಿ ರಿ ಆಗಿಯೂ ಉಳಿದಿರುವುದರಿಂದಲೇ ಅಮೃತ ಎಂಬ ಹೆಸರಿನ ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಬೆಂಗಳೂರಿನವರು 'ಯು' ಬರೆದರೆ ದಿಲ್ಲಿಯವರು 'ಐ' ಬರೆಯುತ್ತಾರೆ. ಋಕಾರದ ಜೊತೆಗಾರನಾದ ಌಕಾರ, ಎಂದರೆ ಸ್ವರವಾದ ಲಕಾರ, ಕನ್ನಡದ ಶಾಲಾ ವರ್ಣಮಾಲೆಯಿಂದ ಬಿದ್ದುಹೋಗಿದೆ. ಬಾಟಲ್ ಪದದ ಕೊನೆಯನ್ನು ಇಂಗ್ಲಿಷರಂತೆ ಬರೆದು ತೋರಿಸಬೇಕಾದರೆ ಬೇಕಾಗುವುದು ಅದೇ. ಜೆಕ್ ಭಾಷೆಯಲ್ಲಿ 'ಗಂಟಲಿಗೆ ಬೆರಳು ಹಾಕು' ಎಂಬ ಅರ್ಥದ ಒಂದು ಪ್ರಸಿದ್ಧ ವಾಕ್ಯವಿದೆ. ರೋಮನ್ ಲಿಪಿಯಲ್ಲಿ ನೋಡಿದರೆ ಅದರಲ್ಲಿ ಒಂದೇ ಒಂದು ಸ್ವರಾಕ್ಷರವೂ ಇಲ್ಲ, ಪ್ರವಾಸಿಗರು ಅದನ್ನು ಕಂಡು ಬೆರಗಾಗುತ್ತಾರೆ. ಕನ್ನಡ ಲಿಪಿಯಲ್ಲಾದರೆ ಅದನ್ನು ಸ್ತೃಚ್ ಪೃಸ್ತ್ ಸ್ಕೃಸ್ ಕೃಕ್ ಎಂದು ಬರೆದು ಮುಗಿಸಬಹುದು, ಪದಕ್ಕೊಂದು ಋಕಾರ.

ನಿಜವಾಗಿಯೂ ಸ್ವರವಿಲ್ಲದವು ಎಂದು ಹೇಳಬಹುದಾದದ್ದು ಇಂಗ್ಲಿಷಿನ ಕೆಲವು ಉದ್ಗಾರಗಳನ್ನು ಮಾತ್ರ. ಸುಮ್ಮನಿರು ಎನ್ನಲು ಶ್, ಗುಟ್ಟಾಗಿ ಕರೆಯಲು ಪ್ಸ್ಟ್, ಯೋಚಿಸುವಾಗ ಹ್ಮ್, ಚಳಿಗೆ ಬ್ರ್ರ್, ಅಲಕ್ಷ್ಯಕ್ಕೆ ಪ್ಫ್ಟ್. ಇವೆಲ್ಲ ನಿಘಂಟುಗಳಲ್ಲಿ ಸ್ಥಾನ ಪಡೆದಿವೆ. ಸ್ವರದ ಸಹಾಯವಿಲ್ಲದೆ ಉಚ್ಚರಿಸಲಾಗದ್ದು ವ್ಯಂಜನ ಎಂಬ ನಮ್ಮ ಪಠ್ಯಪುಸ್ತಕದ ವ್ಯಾಖ್ಯೆ ಇಲ್ಲಿ ಸಾಲದಾಗುತ್ತದೆ, ಏಕೆಂದರೆ ಶಕಾರ, ಸಕಾರ, ಮಕಾರಗಳನ್ನು ಉಸಿರಿರುವಷ್ಟು ಹೊತ್ತೂ ಒಂಟಿಯಾಗಿ ಎಳೆಯಬಹುದು. ಬಾಯಿಗೆ ಬೆರಳಿಟ್ಟು ಶ್ ಎನ್ನುವಾಗ ನಾವೂ ಮಾಡುವುದು ಅದನ್ನೇ. 'ಸ್ವಯಂ ರಾಜಂತೇ ಸ್ವರಾಃ' ಎಂಬ ಪತಂಜಲಿಯ ಮಾತು ಹೆಚ್ಚು ಹೊಂದುತ್ತದೆ, ಏಕೆಂದರೆ ಅದು ಉಚ್ಚಾರಣೆಯ ಸಾಧ್ಯತೆಗಿಂತ ಹೆಚ್ಚಾಗಿ ಪದದೊಳಗೆ ಯಾವ ಧ್ವನಿ ಮುಂದಾಳಾಗಿ ನಿಂತಿದೆ ಎಂಬುದನ್ನು ನೋಡುತ್ತದೆ. ಶ್ ಎಂಬುದರಲ್ಲಿ ಮುಂದಾಳು ಶಕಾರವೇ. 'ಟಿ, ಎಸ್, ಕೆ' ಎಂದು ಬರೆಯುವ ಉದ್ಗಾರ ಇನ್ನೂ ವಿಚಿತ್ರವಾದದ್ದು. ಅದು ವಾಸ್ತವವಾಗಿ ಆ ಮೂರು ಅಕ್ಷರಗಳ ಧ್ವನಿಯಲ್ಲ. ನಾಲಿಗೆಯ ತುದಿಯನ್ನು ಹಲ್ಲಿನ ಹಿಂಬದಿಗೆ ಒತ್ತಿ ಗಾಳಿಯನ್ನು ಒಳಕ್ಕೆ ಎಳೆದಾಗ ಬರುವ, ಮರುಕಕ್ಕೋ ಬೇಸರಕ್ಕೋ ನಾವೂ ಮಾಡುವ ಸದ್ದು. ಕನ್ನಡದಲ್ಲಿ ಅದನ್ನು ಅಕ್ಷರಗಳಲ್ಲಿ ಹಿಡಿಯುವ ಗೋಜಿಗೆ ಹೋಗದೆ ಲೊಚಗುಟ್ಟಿದನು ಎಂದು ಕ್ರಿಯಾಪದದಿಂದ ಹೇಳುತ್ತೇವೆ. ದಕ್ಷಿಣ ಆಫ್ರಿಕದ ಜುಲು ಮತ್ತು ಖೋಸಾ ಭಾಷೆಗಳಲ್ಲಿ ಇದೇ ಸದ್ದು ಪದಗಳೊಳಗೆ ಬರುವ ಮಾಮೂಲು ವ್ಯಂಜನ, ಅದಕ್ಕೆ 'ಸಿ' ಎಂಬ ಅಕ್ಷರವನ್ನೂ ಕೊಟ್ಟಿದ್ದಾರೆ.

ಹಾಂಗ್‌ಕಾಂಗ್, ಸಿಂಗಪುರ, ಮಲೇಷ್ಯಾಗಳಲ್ಲಿ 'ಎನ್, ಜಿ' ಎಂಬ ಎರಡೇ ಅಕ್ಷರಗಳ ಮನೆತನದ ಹೆಸರು ಸಾಮಾನ್ಯ. ದಕ್ಷಿಣ ಚೀನದ ನುಡಿಯಾದ ಕ್ಯಾಂಟೊನೀಸ್‌ನ ಉಚ್ಚಾರಣೆಯಲ್ಲಿ ಅದು ಒಂಟಿಯಾಗಿ ನಿಂತ ಙ್. ಕವರ್ಗದ ಕೊನೆಯ ಆ ಅಕ್ಷರ ಯಾತಕ್ಕಿದೆ ಎಂದು ಕೇಳುವ ಮಕ್ಕಳಿಗೆ ಇದನ್ನು ಹೇಳಬಹುದು.

ಮಿಸ್ಟರ್, ಡಾಕ್ಟರ್ ಎಂಬವುಗಳ ಎರಡಕ್ಷರದ ರೂಪಗಳು, ಟಿವಿ, ಪಿಎಚ್‌ಡಿ ಇವು ಸಂಕ್ಷೇಪಗಳಾದ್ದರಿಂದ ಈ ಲೆಕ್ಕಕ್ಕೆ ಬರುವುದಿಲ್ಲ. ಓದುವಾಗ ಅವುಗಳಲ್ಲಿ ಸ್ವರಗಳು ತುಂಬಿಯೇ ಇರುತ್ತವೆ. ಗಣಿತದಲ್ಲಿ 'ಎನ್' ಸಂಖ್ಯೆಯ ಪದವನ್ನು ಸೂಚಿಸುವ ಎಂತ್ ಎಂಬುದೂ ಹೀಗೆಯೇ, ಅದರ ಸ್ವರ 'ಎನ್' ಎಂಬ ಹೆಸರಿನಲ್ಲಿ ಅಡಗಿದೆ. ಮೊಬೈಲ್ ಸಂದೇಶಗಳಲ್ಲಿ ಪ್ಲೀಸ್, ಮೆಸೇಜ್, ಥ್ಯಾಂಕ್ಸ್ ಪದಗಳ ಸ್ವರಾಕ್ಷರಗಳನ್ನು ನುಂಗಿ ಬರೆದರೂ ಓದುವವರಿಗೆ ತೊಂದರೆಯಾಗುವುದಿಲ್ಲ, ಏಕೆಂದರೆ ಪದವನ್ನು ಗುರುತು ಹಿಡಿಯಲು ವ್ಯಂಜನಗಳೇ ಹೆಚ್ಚು ಸುಳಿವು ಕೊಡುತ್ತವೆ. ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯದೆ ಬಿಡುವ ಉರ್ದು ಬರಹವನ್ನು ಕಲಬುರಗಿ, ಬೀದರಿನಲ್ಲಿ ಜನ ನಿತ್ಯವೂ ಸಲೀಸಾಗಿ ಓದುತ್ತಾರೆ. 2006ರಲ್ಲಿ ಶುರುವಾದಾಗ ಟ್ವಿಟರ್ ಕೂಡ ತನ್ನ ಹೆಸರನ್ನು ಐದು ವ್ಯಂಜನಾಕ್ಷರಗಳಲ್ಲಿಯೇ ಬರೆದುಕೊಂಡಿತ್ತು.

ಇಂತಹ ಪದಗಳಿಗೆ ಹೆಚ್ಚಿನ ಬೆಲೆ ಬರುವುದು ಅಕ್ಷರಗಳ ಬಿಲ್ಲೆಗಳಿಂದ ಪದ ಕಟ್ಟುವ ಸ್ಕ್ರ್ಯಾಬಲ್ ಆಟದಲ್ಲಿ. ಕೈಯಲ್ಲಿ ಸ್ವರಗಳೇ ಇಲ್ಲದೆ ಸಿಕ್ಕಿಬಿದ್ದಾಗ ಕೂಮ್, ಕ್ರೂತ್, ಶ್, ಹ್ಮ್ ಎಲ್ಲವನ್ನೂ ಇಡಲು ಅವಕಾಶವಿದೆ. ಲೊಚಗುಟ್ಟುವ ಸದ್ದನ್ನು ಎರಡು ಬಾರಿ ಬರೆದು ಬಹುವಚನದ 'ಎಸ್' ಸೇರಿಸಿದರೆ 'ವೈ' ಕೂಡ ಇಲ್ಲದ ಏಳಕ್ಷರದ ಪದವೇ ಆಗುತ್ತದೆ. ನಿದ್ದೆಯ ಗೊರಕೆಯನ್ನು ಸೂಚಿಸಲು ಮೂರು 'ಝಡ್' ಬರೆಯುವುದನ್ನೂ ಆಟದ ಪಟ್ಟಿ ಒಪ್ಪುತ್ತದೆ. ಆದರೆ ಇಂಗ್ಲಿಷ್ ಸ್ಕ್ರ್ಯಾಬಲ್ಲಿನಲ್ಲಿ 'ಝಡ್' ಬಿಲ್ಲೆ ಇರುವುದು ಒಂದೇ. ಉಳಿದೆರಡಕ್ಕೆ ಆಟದಲ್ಲಿರುವ ಎರಡೂ ಖಾಲಿ ಬಿಲ್ಲೆಗಳನ್ನು ಖರ್ಚು ಮಾಡಬೇಕು, ಖಾಲಿ ಬಿಲ್ಲೆಗೆ ಅಂಕವಿಲ್ಲ, ಹೀಗಾಗಿ ಸಿಗುವುದು 'ಝಡ್' ಒಂದರ ಹತ್ತು ಅಂಕ ಮಾತ್ರ. ನಾನಾದರೆ ಆ ಖಾಲಿ ಬಿಲ್ಲೆಗಳನ್ನು ಉಳಿಸಿಕೊಳ್ಳುತ್ತೇನೆ.